ತೋಟದಣ್ಣನ ಹಾಯಿದೋಣಿ

ಹೋದ ತಿಂಗಳು ಬೇಲೂರಿನ ನಮ್ಮ ಪಕ್ಕದ ಮನೆಯವರು ಹೊಸ ಬಾಗಿಲು ಕೂರಿಸಿದರು. ಬಡಗಿ ಹಳೇ ಪಂಚೆಯ ಚೂರನ್ನು ಉಂಡೆ ಮಾಡಿಕೊಂಡು ತೇಗದ ಹಲಗೆಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಕಿಟಕಿಯಿಂದ ಅಡುಗೆಮನೆಗೆ ಬಂತು. ಸ್ವಲ್ಪ ಕಮಟು, ಸ್ವಲ್ಪ ಸಿಹಿ, ಬಿಸಿಲಿಗೆ ಕಾದ ಮರಕ್ಕೆ ಎಣ್ಣೆ ಇಳಿದಾಗ ಮಾತ್ರ ಬರುವ ವಾಸನೆ. ಬಿಡಿಸುತ್ತಿದ್ದ ಅವರೆಕಾಯಿ ಮೊರದಲ್ಲೇ ಉಳಿಯಿತು. ನಾನು ಬಾಣಾವರದ ತೆಂಗಿನ ತೋಟಕ್ಕೆ ಹೋಗಿಬಿಟ್ಟಿದ್ದೆ, ಅಲ್ಲಿ ಮರಗಳ ನಡುವೆ ನಿಂತಿದ್ದ ಆ ದೊಡ್ಡ ದೋಣಿಯ ಹತ್ತಿರಕ್ಕೆ...

ಬಾಣಾವರದಲ್ಲಿ ದೋಣಿ ಅಂದರೆ ಯಾರಾದರೂ ನಗುತ್ತಾರೆ. ಸಮುದ್ರ ಅಲ್ಲಿಂದ ಒಂದು ಹಗಲಿನ ಬಸ್ಸಿನ ದಾರಿ. ಆದರೆ ದೋಣಿ ಇದ್ದದ್ದು ನಿಜ. ಅದನ್ನು ತಂದವರು ನಾನು ಬಾಡಿಗೆಗಿದ್ದ ಮನೆಯ ಯಜಮಾನರು.

ಅಲ್ಲಿಯ ಹೈಸ್ಕೂಲಿಗೆ ನಾನು ಹಿಂದಿ ಟೀಚರಾಗಿ ಹೋಗಿದ್ದೆ. ತೋಟದಂಚಿನ ಎರಡು ಕೋಣೆಯ ಮನೆ ಸಿಕ್ಕಿತು. ಯಜಮಾನರನ್ನು ಊರೆಲ್ಲ ತೋಟದಣ್ಣ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿಯನ್ನು ಅಕ್ಕ ಅಂದೆ. ಅವರಿಗಿದ್ದ ಒಬ್ಬಳೇ ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದರು. ತೋಟದಣ್ಣ ಅರವತ್ತು ದಾಟಿದ, ಒಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಕಾಯಿ ಕೀಳಿಸುವುದು, ಅಟ್ಟಕ್ಕೇರಿಸುವುದು, ಕೊಬ್ಬರಿಯಾದ ಮೇಲೆ ಅರಸೀಕೆರೆಯ ಮಾರುಕಟ್ಟೆಗೆ ಒಯ್ಯುವುದು, ಇಷ್ಟರಲ್ಲೇ ಅವರ ವರ್ಷ ಕಳೆಯುತ್ತಿತ್ತು. ಅವರ ತೋಟದಲ್ಲಿ ಒಂದು ದೊಡ್ಡ ಬಾವಿ ಇತ್ತು. ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದಿದ್ದರು. ಬೇಸಿಗೆಯಲ್ಲಿ ಹುಡುಗರು ಈಜಲು ಕೇಳಿಕೊಂಡು ಬಂದರೆ ಅವರ ಮುಖ ಬಿಗಿದುಕೊಳ್ಳುತ್ತಿತ್ತು. ನಾನು ಅದನ್ನು ಜಿಪುಣತನ ಅಂದುಕೊಂಡಿದ್ದೆ.

ಒಂದು ಭಾನುವಾರ ಉದ್ದನೆಯ ಲಾರಿಯೊಂದು ತೋಟದ ಬೇಲಿ ಮುರಿದುಕೊಂಡು ಒಳಗೆ ಬಂತು. ಅದರ ಮೇಲೆ ಹಗ್ಗ ಬಿಗಿದು ಮಲಗಿಸಿದ್ದ ದೋಣಿ. ನಮ್ಮ ಶಾಲೆಯ ಎರಡು ಕೊಠಡಿ ಸೇರಿಸಿದಷ್ಟು ಉದ್ದ, ಮುಂಭಾಗ ಚೂಪು, ನಡು ಸಪೂರ. ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಹಾಯಿ ಕಟ್ಟುವ ಕಂಬ ಇರಲಿಲ್ಲ, ದೋಣಿ ಮಗುಚದಂತೆ ಅಡಿಗೆ ಕೂರಿಸುವ ಸೀಸದ ಗಟ್ಟಿಯನ್ನು ಯಾರೋ ಕತ್ತರಿಸಿಕೊಂಡಿದ್ದರು. ಊರಿನ ಜನ ಸುತ್ತ ನೆರೆದರು. "ಏನ್ಲಾ ಇದು, ನಮ್ಮ ಕೆರೇಲಿ ಮೊಣಕಾಲುದ್ದ ನೀರಿಲ್ಲ" ಎಂದು ಯಾರೋ ಅಂದರು, ಉಳಿದವರು ನಕ್ಕರು. ತೋಟದಣ್ಣ ಕಾಯಿ ಇಳಿಸುವ ಆಳುಗಳನ್ನೇ ಕರೆಸಿ ದೋಣಿಯನ್ನು ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿದರು.

ಸಂಜೆ ಅಕ್ಕ ನನ್ನ ಮನೆಯ ಜಗುಲಿಗೆ ಬಂದು ಕುಳಿತರು. ಅಳುತ್ತಿದ್ದರು.

"ಅದ್ನ ಸೀಳಿ ಬಚ್ಚಲ ಒಲೆಗೆ ಹಾಕ್ತಾರಂತೆ ಕಣವ್ವ. ದಿನಾ ಅದ್ರಾಗೆ ನೀರು ಕಾಯಿಸ್ಬೇಕಂತೆ. ಆ ನೀರಾಗೆ ನಾನೆಂಗೆ ಮೈ ತೊಳೀಲಿ?"

ಆಗ ಅಕ್ಕ ಹೇಳಿದ ಕಥೆ ಇದು.

ತೋಟದಣ್ಣನಿಗೆ ಒಬ್ಬ ತಮ್ಮನಿದ್ದ. ಆ ಬಾವಿಯಲ್ಲೇ ಈಜು ಕಲಿತವನು. ಮೂರಾಳು ಆಳಕ್ಕೆ ಮುಳುಗಿ ತಳದ ಮಣ್ಣು ಮುಷ್ಟಿಯಲ್ಲಿ ಹಿಡಿದು ತರುತ್ತಿದ್ದನಂತೆ. ಒಂದು ಸಲ ಕೊಬ್ಬರಿ ಲೋಡಿನ ಜೊತೆ ಬೊಂಬಾಯಿಗೆ ಹೋದವನು ಸಮುದ್ರ ನೋಡಿ ಅಲ್ಲೇ ನಿಂತುಬಿಟ್ಟ. ಅಲ್ಲಿ ಒಬ್ಬ ಸಾಹುಕಾರರಿಗೆ ಪಂದ್ಯದ ಹಾಯಿದೋಣಿಯಿತ್ತು. ದಡದ ಹತ್ತಿರದ ಆಟವಲ್ಲ, ನೆಲ ಕಾಣದಷ್ಟು ದೂರ ಕಡಲಿಗೆ ಹೋಗಿ ಹಗಲು ರಾತ್ರಿ ಓಡಿಸುವ ಪಂದ್ಯ. ಸಾಹುಕಾರರೇ ಚುಕ್ಕಾಣಿ ಹಿಡಿಯುತ್ತಿದ್ದರು. ತಮ್ಮನನ್ನು ಹಗ್ಗ ಎಳೆಯುವ ಕೆಲಸಕ್ಕೆ ತೆಗೆದುಕೊಂಡರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವನು ಅಲೆಯ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಆಮೇಲೆ ಒಂದು ವರ್ಷ, ಬೊಂಬಾಯಿಯಿಂದ ಕೊಚ್ಚಿಗೆ ಹೊರಟಿದ್ದ ಪಂದ್ಯದಲ್ಲಿ, ಅವನು ನೀರಿಗೆ ಬಿದ್ದ. ಹೆಣ ಸಿಗಲಿಲ್ಲ.

ಸುದ್ದಿ ತಂದ ಕೊಬ್ಬರಿ ವ್ಯಾಪಾರಿಯೊಬ್ಬ ಇನ್ನೊಂದು ಮಾತನ್ನೂ ತಂದ. ದೋಣಿ ತಿರುಗಿಸಿದರೆ ಪಂದ್ಯ ಸೋಲುತ್ತಾರೆ, ಅದಕ್ಕೇ ಹುಡುಗನನ್ನು ಬಿಟ್ಟು ಮುಂದೆ ಹೋದರಂತೆ. ಮನೆಯವರು ಅದನ್ನೇ ನಂಬಿದರು. ಸ್ವಲ್ಪ ದಿನದ ಮೇಲೆ ಸಾಹುಕಾರರೇ ಬಾಣಾವರದ ಸ್ಟೇಷನ್ನಿನಲ್ಲಿ ಇಳಿದು, ದಾರಿ ಕೇಳಿಕೊಂಡು ಮನೆಗೆ ಬಂದರಂತೆ. ತಂದೆ ಬಾಗಿಲಿಗೆ ಅಡ್ಡ ನಿಂತರು. ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ತೋಟದಣ್ಣ ಅವರ ಕತ್ತು ಹಿಡಿದು ಬೀದಿಗೆ ತಳ್ಳಿದರು. ಸಾಹುಕಾರರು ಹಿಂದಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ...

ಅತ್ತೆ ಸಾಯುವ ತನಕ "ನನ್ನ ಮಗನ್ನ ನಾಯಿ ಬಿಟ್ಟಂಗೆ ಬಿಟ್ಟೋದ್ರು" ಎನ್ನುತ್ತಿದ್ದರು ಎಂದು ಅಕ್ಕ ಹೇಳಿದರು. ಸಾಹುಕಾರರು ತೀರಿಕೊಂಡ ಮೇಲೆ ಆ ದೋಣಿ ಬೊಂಬಾಯಿಯ ಒಂದು ಷೆಡ್ಡಿನಲ್ಲಿ ಬಿದ್ದಿರುವುದು ವ್ಯಾಪಾರಿಗಳ ಬಾಯಿಂದ ತೋಟದಣ್ಣನ ಕಿವಿಗೆ ಬಿತ್ತು. ಸೌದೆಗೆ ಬೇಕೆಂದು ಹೇಳಿ ತರಿಸಿಕೊಂಡರು. ಸುಡಬೇಕೆಂದೇ ತರಿಸಿಕೊಂಡದ್ದು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಕೊಡಲಿಯ ಸದ್ದು ಕೇಳಿತು. ಒಂದೇ ಏಟು. ಆಮೇಲೆ ಸದ್ದಿಲ್ಲ. ಬೇಲಿಯಿಂದ ನೋಡಿದರೆ ದೋಣಿಯ ಮೇಲ್ಹಲಗೆಯಲ್ಲಿ ಕೊಡಲಿ ಕಚ್ಚಿಕೊಂಡಿತ್ತು. ತೋಟದಣ್ಣ ಮತ್ತು ಸೀಳಲು ಬಂದಿದ್ದ ಆಚಾರಿ ಇಬ್ಬರೂ ಬಗ್ಗಿ ಏನನ್ನೋ ನೋಡುತ್ತಿದ್ದರು. ಏಟಿಗೆ ಬಣ್ಣದ ಹೊದಿಕೆ ಎದ್ದು ಮರ ಕಂಡಿತ್ತು. ದೋಣಿಯೆಲ್ಲ ತೇಗ. ಕಂಬ ನಿಲ್ಲಿಸುವ ಜಾಗದ ಸುತ್ತ ಮಾತ್ರ ಕೆಂಪಗಿನ ಹೊನ್ನೆ ಮರ, ಆಳುದ್ದದ ತೇಪೆ.

"ಇಲ್ಲಿ ಕಂಬ ಬುಡಸಮೇತ ಕಿತ್ಕೊಂಡೈತೆ" ಎಂದರು ಆಚಾರಿ. "ಆಮೇಲೆ ಯಾರೋ ರಿಪೇರಿ ಮಾಡವ್ರೆ."

ತೋಟದಣ್ಣ ಕೇಳಿದರು, "ಯಾವಾಗ?"

ಆಚಾರಿಗೆ ಹೇಗೆ ಗೊತ್ತಾಗಬೇಕು? ಆದರೆ ಆ ಪ್ರಶ್ನೆ ತೋಟದಣ್ಣನನ್ನು ಬಿಡಲಿಲ್ಲ. ತಮ್ಮ ಬಿದ್ದ ದಿನವೇ ಕಂಬ ಮುರಿದಿದ್ದರೆ ದೋಣಿ ಮುಂದೆ ಹೋಗಿರಲಾರದು. ಹೋಗಿರದಿದ್ದರೆ ಇಷ್ಟು ವರ್ಷ ಮನೆಯಲ್ಲಿ ಆಡಿದ ಮಾತು... ಅವರು ಕೊಡಲಿ ಕಿತ್ತು ಕೊಟ್ಟಿಗೆಯಲ್ಲಿಟ್ಟರು. ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು.

"ಟೀಚರಮ್ಮ, ನಿಮಗೆ ಹಿಂದಿ ಬತ್ತದಲ್ಲ?"

ಸಾಹುಕಾರರ ಮಗಳ ಫೋನ್ ನಂಬರು ಕೊಬ್ಬರಿ ವ್ಯಾಪಾರಿಗಳ ಕಡೆಯಿಂದ ಸಿಕ್ಕಿತು. ನಾನು ಮಾತಾಡಿದೆ. ಆಕೆ ಮೊದಲು ಬಿಗಿಯಾಗಿಯೇ ಇದ್ದರು. ಹಳೇ ದೋಣಿಯ ಬಗ್ಗೆ ಈಗ ಯಾಕೆ ಕೇಳುತ್ತಿದ್ದೀರಿ ಅಂದರು. ಮರದ ತೇಪೆಯ ವಿಷಯ ಹೇಳಿದಾಗ ದನಿ ಇಳಿಸಿ ಹೇಳಿದರು: "ಹೌದು, ಒಮ್ಮೆ ಕಂಬ ಮುರಿದಿತ್ತು. ನಾನು ಚಿಕ್ಕವಳು. ಹೊನ್ನಾವರದ ಕಡೆ ಎಲ್ಲೋ ರಿಪೇರಿ ಮಾಡಿಸಿದರು. ಅಪ್ಪ ತುಂಬಾ ದಿನ ಮನೆಗೇ ಬರಲಿಲ್ಲ. ಬಂದ ಮೇಲೆ ಮತ್ತೆ ಯಾವತ್ತೂ ದೋಣಿ ಹತ್ತಲಿಲ್ಲ, ಮಾರಲೂ ಇಲ್ಲ. ಯಾಕೆ ಅಂತ ನಾವು ಕೇಳುವ ಹಾಗಿರಲಿಲ್ಲ."

ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಾಗ ತೋಟದಣ್ಣ ಜಗುಲಿಯ ಕಂಬ ಹಿಡಿದುಕೊಂಡರು.

ದಸರಾ ರಜೆಯಲ್ಲಿ ಹೊನ್ನಾವರಕ್ಕೆ ಹೊರಟೆವು. ಅಕ್ಕ ನನ್ನನ್ನೂ ಎಳೆದುಕೊಂಡರು. "ಅಲ್ಲಿ ಏನು ಕೇಳ್ಬೇಕಾಗ್ತದೋ, ಇವ್ರೇನು ಮಾಡ್ಕತಾರೋ, ನೀವು ಜತ್ಗಿರಿ" ಎಂದರು. ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿಯುವಾಗ ತೋಟದಣ್ಣ ತೇಪೆಯ ಅಂಚಿನಿಂದ ಆಚಾರಿ ಕೊಯ್ದುಕೊಟ್ಟ ಹೊನ್ನೆಯ ಚೂರೊಂದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು.

ಹೊಳೆ ಸಮುದ್ರ ಸೇರುವ ಕಡೆ ದೋಣಿ ಕಟ್ಟುವವರ ಕೇರಿಯಿದೆ. ಅಲ್ಲಿ ಎರಡು ದಿನ ಕೇಳಿಕೊಂಡು ಓಡಾಡಿದೆವು. ಕೊನೆಗೆ ಒಬ್ಬ ಮುದುಕರ ಮನೆ ತೋರಿಸಿದರು. ಅವರಿಗೆ ಕಣ್ಣು ಮಂಜಾಗಿತ್ತು. ಮರದ ಚೂರನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿದರು. ಪಂದ್ಯದ ದೋಣಿ, ಬೊಂಬಾಯಿಯವರು ಎಂದ ಕೂಡಲೇ ತಲೆ ಎತ್ತಿದರು.

"ಬಂದಿತ್ತು. ನಮ್ಮಪ್ಪ ಇದ್ದ ಕಾಲ. ಮೀನಿನ ದೋಣಿಯವ್ರು ಹಗ್ಗ ಕಟ್ಟಿ ಎಳೆದು ತಂದಿದ್ರು. ಕಂಬ ಮುರಿದು ಮಗ್ಗುಲಿಗೆ ಬಿದ್ದಿತ್ತು."

ಕಂಬ ಹೇಗೆ ಮುರಿಯಿತು ಎಂದು ನಾನು ಕೇಳಿದೆ. ದೋಣಿಯ ಆಳುಗಳಲ್ಲಿ ಒಬ್ಬ ಗೋವೆಯವನು, ಕೊಂಕಣಿ ಮಾತಾಡುತ್ತಿದ್ದ, ಅವನೇ ಎಲ್ಲ ಹೇಳಿದ್ದ ಎಂದು ಮುದುಕರು ವಿವರಿಸಿದರು. ಒಬ್ಬ ಹುಡುಗ ನೀರಿಗೆ ಬಿದ್ದ. ಗಾಳಿ ಜೋರಿತ್ತು. ಅಂಥ ಗಾಳಿಯಲ್ಲಿ ಹಾಯಿ ತುಂಬಿದ ದೋಣಿಯನ್ನು ಹಾಗೆ ಒಮ್ಮೆಲೇ ತಿರುಗಿಸಬಾರದು. ಸಾಹುಕಾರರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ತಿರುಗಿಸಿದರು. ಹಾಯಿ ಮಗುಚಿ ಹೊಡೆದು ಕಂಬ ಮುರಿಯಿತು. ಹುಡುಗನ ತಲೆ ಇನ್ನೂ ಕಾಣುತ್ತಿತ್ತಂತೆ, ಈಜುತ್ತಿದ್ದನಂತೆ. ದೋಣಿ ಅವನ ಕಡೆ ಹೋಗಲಾರದೆ ನಿಂತಲ್ಲೇ ಸುತ್ತುತ್ತಿತ್ತು.

"ಸಾಹುಕಾರ್ರು ಸೊಂಟಕ್ಕೆ ಹಗ್ಗ ಕಟ್ಕೊಂಡು ತಾವೇ ಹಾರಿದ್ರಂತೆ. ಹಗ್ಗ ಅಲ್ಲೀತನ್ಕ ಮುಟ್ಲಿಲ್ಲ. ಅರೆಜೀವ ಆದ್ಮೇಲೆ ಉಳಿದವ್ರು ಎಳ್ಕೊಂಡ್ರು."

ಒಳಗಿನಿಂದ ಯಾರೋ ನೀರು ತಂದಿಟ್ಟರು. ಮುದುಕರು ತಾವಾಗಿಯೇ ಮುಂದುವರಿಸಿದರು. ತೋಟದಣ್ಣ ಯಾರೆಂದು ನಾವು ಹೇಳಿರಲಿಲ್ಲ, ಆದರೂ ಅವರಿಗೆ ತಿಳಿದುಹೋಗಿತ್ತು ಅನ್ನಿಸುತ್ತದೆ.

"ರಿಪೇರಿ ಮುಗಿದ್ಮೇಲೂ ಅವ್ರು ಹೋಗ್ಲಿಲ್ಲ. ದಿನಾ ದಡದಲ್ಲಿ ಕೂತು, ವಾಪಸ್ ಬರೋ ಒಂದೊಂದು ದೋಣಿ ಹತ್ರಾನೂ ಹೋಗಿ ಕೇಳೋರು. ಭಾಷೆ ಬರ್ತಿರ್ಲಿಲ್ಲ. ಕೈ ಎತ್ತಿ, ಇಷ್ಟೆತ್ತರದ ಹುಡುಗ, ಅಂತ ತೋರ್ಸೋರು."

ತೋಟದಣ್ಣ ಎದ್ದು ಹೊರಗೆ ಹೋದರು. ನಾನೂ ಅಕ್ಕನೂ ಹಿಂದೆ ಹೋದೆವು. ಅವರು ಗಾಳಿಮರಗಳ ಸಾಲು ದಾಟಿ ಮರಳಿನಲ್ಲಿ ನಡೆದುಹೋದರು. ಆವತ್ತಿನವರೆಗೆ ಅವರು ಸಮುದ್ರ ನೋಡಿರಲಿಲ್ಲ. ನೋಡಬಾರದೆಂದೇ ಇದ್ದವರು, ಎರಡು ದಿನ ಹೊಳೆಯ ಕಡೆಯೇ ತಿರುಗಾಡಿದ್ದರು. ನೀರು ಪಂಚೆಯ ಅಂಚಿಗೆ ಬಂದು ಮುಟ್ಟಿದಾಗ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ನೇರ ನೋಡಿದರು. ನಾವು ಹತ್ತಿರ ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ತಮ್ಮಷ್ಟಕ್ಕೆ ಮೆಲ್ಲಗೆ ಅಂದರು:

"ಇಷ್ಟು ದೊಡ್ಡದಾ... ಇಷ್ಟು ದೊಡ್ಡದ್ರಾಗೆ ಹುಡುಕಿದ್ರಾ..."

ಅಕ್ಕ ಅವರ ತೋಳು ಹಿಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಮತ್ತೆ ಫೋನ್ ಮಾಡಿಸಿದರು. ಈ ಸಲ ಕೇಳುವುದೇನೂ ಇರಲಿಲ್ಲ, ಹೇಳುವುದಿತ್ತು. ಹೊನ್ನಾವರದಲ್ಲಿ ಕೇಳಿದ್ದನ್ನೆಲ್ಲ ನಾನು ಆಕೆಗೆ ಹೇಳಿದೆ. ಅಪ್ಪ ನೀರಿಗೆ ಹಾರಿದ್ದು ಆಕೆಗೂ ಗೊತ್ತಿರಲಿಲ್ಲ. ಆಮೇಲೆ ಆಕೆ ಮೃದುವಾಗಿ ಒಂದು ಮಾತು ಹೇಳಿದರು. "ಆ ಹುಡುಗನ ಮನೆಗೆ ಅಪ್ಪ ಹೋಗಿದ್ದರು. ಆ ವಿಷಯದಲ್ಲಿ ಅದೊಂದನ್ನು ಮಾತ್ರ ಹೇಳಿದ್ದರು, ಬಹಳ ಒಳ್ಳೆಯ ಜನ ಅಂತ. ಒಳಗೆ ಕರೆದು ಕೂರಿಸಿ, ಎಳನೀರು ಕೊಟ್ಟು, ಅವನ ಅಣ್ಣ ಅಪ್ಪನ ಕೈ ಹಿಡಿದುಕೊಂಡು ಅತ್ತ ಅಂತ."

ನಾನು ರಿಸೀವರ್ ಮೇಲೆ ಕೈ ಮುಚ್ಚಿದೆ. ತೋಟದಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂದ್ರು?" ಎಂದರು. ಮುಚ್ಚಿಡಬಹುದಿತ್ತು. ನನಗೆ ಸಾಧ್ಯವಾಗಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ನೆಲ ನೋಡುತ್ತ ಕುಳಿತರು. "ಹಂಗಲ್ಲ ಅಂತ ಹೇಳಿ ಟೀಚರಮ್ಮ. ನಾನು ಕತ್ತು ಹಿಡಿದು ತಳ್ಳಿದ್ದೆ ಅಂತ ಹೇಳಿ. ಅವ್ರು ಏನೋ ಹೇಳ್ತಿದ್ರು, ನಾವು ಕೇಳ್ಲಿಲ್ಲ ಅಂತ ಹೇಳಿ" ಎಂದರು.

ಹೇಳಿದೆ. ನನ್ನ ಹಿಂದಿ ಆವತ್ತು ತೊದಲಿತು. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಭಾಷೆಯಲ್ಲಿ ಒಬ್ಬರ ಎದೆಯ ಭಾರವನ್ನು ಇನ್ನೊಬ್ಬರಿಗೆ ದಾಟಿಸಬೇಕಾಗಿ ಬಂದದ್ದು ಅದೇ ಮೊದಲು. ಆಕೆ ಅಳುತ್ತಿದ್ದರೋ ಏನೋ, ತಿಳಿಯಲಿಲ್ಲ. ಕೊನೆಗೆ, "ದೋಣಿಯನ್ನು ಸುಡಬೇಡಿ ಅಂತ ಹೇಳಿ" ಎಂದಷ್ಟೇ ಅಂದು ಫೋನ್ ಇಟ್ಟರು.

ಇನ್ನು ಸುಡುವ ಮಾತೇ ಇರಲಿಲ್ಲ. ಮುಂದಿನ ಎರಡು ವರ್ಷ ತೋಟದಣ್ಣ ಮತ್ತು ಆಚಾರಿ ಆ ದೋಣಿಯ ಮೈಯಿಂದ ಬಣ್ಣ ಕೆರೆದರು. ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ. ಕೊಳೆತ ಹಲಗೆ ತೆಗೆದು ಹೊಸದು ಕೂರಿಸಿದರು. ಸಂದಿಗಳಿಗೆ ಹತ್ತಿ ಹುರಿ ತುಂಬಿದರು. ಕೊಡಲಿಯ ಕಚ್ಚಿಗೆ ತೋಟದಣ್ಣ ಯಾರಿಗೂ ಕೈ ಹಾಕಲು ಬಿಡದೆ ತಾವೇ ಚಕ್ಕೆ ಕೂರಿಸಿ ಉಜ್ಜಿದರು. ಹೊನ್ನೆಯ ತೇಪೆಯನ್ನು ಹಾಗೇ ಉಳಿಸಿದರು, ಅದರ ಮೇಲೆ ಬಣ್ಣ ಬಳಿಯಲಿಲ್ಲ. ಎಣ್ಣೆ ತಿಕ್ಕುವ ದಿನಗಳಲ್ಲಿ ತೋಟಕ್ಕೆ ತೋಟವೇ ಆ ವಾಸನೆಯಲ್ಲಿ ಮುಳುಗಿರುತ್ತಿತ್ತು. ನಗುತ್ತಿದ್ದ ಜನ ನಗುವುದನ್ನು ಬಿಟ್ಟರು. ಕೆಲವರು ಸಂಜೆ ಬಂದು ಸುಮ್ಮನೆ ಕುಳಿತು ಹೋಗುತ್ತಿದ್ದರು.

ಸೀಸದ ಗಟ್ಟಿ ಇಲ್ಲದ್ದರಿಂದ ಅದು ಇನ್ನು ಕಡಲಿಗೆ ಹೋಗುವಂತಿರಲಿಲ್ಲ. ಬೇಲೂರಿನ ಯಗಚಿ ಅಣೆಕಟ್ಟೆಯ ನೀರಿನಲ್ಲಿ ಒಂದು ದಿನವಾದರೂ ತೇಲಿಸಬೇಕೆಂದು ತೋಟದಣ್ಣ ಆಸೆಪಟ್ಟರು. ಸಾಹುಕಾರರ ಮಗಳನ್ನು ಕರೆಸುವುದು, ತಾವು ಅಕ್ಕನ ಜೊತೆ ದಡದಲ್ಲಿ ನಿಂತು ನೋಡುವುದು. "ಹತ್ತೋದಿಲ್ಲ, ನೋಡ್ತೀನಿ ಅಷ್ಟೆ" ಎನ್ನುತ್ತಿದ್ದರು.

ಅದಾಗಲಿಲ್ಲ. ಒಂದು ಬೇಸಿಗೆಯಲ್ಲಿ ಕೊಬ್ಬರಿ ಮಾರಿ ಬರುವಾಗ ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತರಂತೆ. ಆಸ್ಪತ್ರೆಗೆ ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಬೊಂಬಾಯಿಯಿಂದ ಆಕೆ ಬಂದರು, ಹನ್ನೊಂದನೆಯ ದಿನಕ್ಕೆ. ಅಕ್ಕನಿಗೆ ಹಿಂದಿ ಬರದು, ಆಕೆಗೆ ಕನ್ನಡ ಬರದು. ಇಬ್ಬರೂ ದೋಣಿಯ ನೆರಳಿನಲ್ಲಿ ಚಾಪೆ ಹಾಕಿಕೊಂಡು ಮಧ್ಯಾಹ್ನವೆಲ್ಲ ಕುಳಿತಿದ್ದರು. ನಾನು ನಡುವೆ ಹೋಗಲಿಲ್ಲ.

ಆಮೇಲೆ ನನಗೆ ವರ್ಗವಾಯಿತು, ಬೇಲೂರಿನಲ್ಲೇ ನಿವೃತ್ತಿಯೂ ಆಯಿತು. ಅಕ್ಕ ಮಗಳ ಮನೆ ಸೇರಿದರು. ನೋಡುವವರಿಲ್ಲದೆ ದೋಣಿಗೆ ಗೆದ್ದಲು ಹತ್ತುತ್ತಿದೆಯೆಂದು ಹಳೇಬೀಡು ರಸ್ತೆಯ ಒಂದು ರೆಸಾರ್ಟಿನವರಿಗೆ ಕೊಟ್ಟರು. ಚೆನ್ನಾಗಿ ನೋಡಿಕೊಳ್ಳುತ್ತೇವೆ, ನೀರಿಗೂ ಬಿಡುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರಂತೆ. ಇಷ್ಟು ಹತ್ತಿರವಿದ್ದೂ ನಾನು ಒಮ್ಮೆಯೂ ಹೋಗಿರಲಿಲ್ಲ. ಎಣ್ಣೆಯ ವಾಸನೆ ಬಂದ ದಿನದಿಂದ ಮನಸ್ಸು ನಿಲ್ಲಲಿಲ್ಲ. ಹೋದ ವಾರ ಬಸ್ ಹತ್ತಿದೆ.

ದೋಣಿ ಹುಲ್ಲುಹಾಸಿನ ಮೇಲೆ ಸಿಮೆಂಟ್ ಕಟ್ಟೆಗಳ ಮೇಲಿತ್ತು. ಮೈತುಂಬ ಹಳದಿ, ಕೆಂಪು ಪಟ್ಟೆ. ಒಂದು ಮಗ್ಗುಲು ಕೊಯ್ದು ಬಾಗಿಲು ಮಾಡಿದ್ದರು, ಒಳಗೆ ಐಸ್ ಕ್ರೀಮ್ ಪೆಟ್ಟಿಗೆ, ಎರಡು ಪ್ಲಾಸ್ಟಿಕ್ ಕುರ್ಚಿ. ಕಂಬದ ಜಾಗ ಹುಡುಕಿದೆ. ಅಲ್ಲಿ ತಗಡು ಹೊಡೆದು ಬಣ್ಣದ ಕೊಡೆ ನಿಲ್ಲಿಸಿದ್ದರು. ಕಾಫಿ ತಂದ ಹುಡುಗನನ್ನು ಇದು ಎಲ್ಲಿಯ ದೋಣಿ ಎಂದು ಕೇಳಿದೆ. "ಯಾವ್ದೋ ಸಿನಿಮಾ ಶೂಟಿಂಗ್‌ಗೆ ಮಾಡ್ಸಿದ್ದಂತೆ ಮೇಡಂ" ಎಂದ. ಇಲ್ಲಪ್ಪ, ಇದು ನಿಜವಾಗಿ ಕಡಲಿಗೆ ಹೋಗಿತ್ತು ಎಂದು ಶುರು ಮಾಡಿದೆ. ಅವನು ಪಾಪ ಕೇಳುತ್ತಲೇ ನಿಂತಿದ್ದ. ಬೇರೆ ಟೇಬಲ್ಲಿನವರು ಕರೆದರು, ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಫೋನ್ ಬಂತು. ನಾನು ಹೋಗುತ್ತಿರುವ ವಿಷಯ ಹಿಂದಿನ ದಿನ ನಾನೇ ಬಾಯಿತಪ್ಪಿ ಹೇಳಿದ್ದೆ. ಅಕ್ಕನಿಗೆ ಈಗ ಕಿವಿ ಮಂದ, ಗಟ್ಟಿಯಾಗಿ ಮಾತಾಡಬೇಕು.

"ನೋಡಿದ್ರಾ ಟೀಚರಮ್ಮ? ಎಂಗೈತೆ?"

"ಚೆನ್ನಾಗೈತೆ ಅಕ್ಕ. ಚೆನ್ನಾಗಿ ಇಟ್ಕೊಂಡವ್ರೆ" ಎಂದೆ.

"ನೀರಿಗೆ ಬಿಟ್ಟವ್ರಾ?"

ಬಸ್ಸಿನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

"ಹೂಂ ಅಕ್ಕ" ಎಂದು ಕೂಗಿ ಹೇಳಿದೆ. "ಬಿಟ್ಟವ್ರೆ. ತೇಲ್ತಾ ಐತೆ."

"ಅವ್ರಿರ್ಬೇಕಿತ್ತು ಕಣವ್ವ..." ಎಂದರು ಅಕ್ಕ. ನಾನೂ ಹೌದು ಎಂದೆ. ಅದೊಂದು ಮಾತು ಮಾತ್ರ ನಿಜವಾಗಿತ್ತು.